ನಡುಮನೆ ಗುಡಿಸಿದವರು ಯಾರು?

1

ಈ ವಿಶೇಷಾಂಕಕ್ಕೆ 'ದಲಿತ ವಿಮರ್ಶೆಯ ಮಾನದಂಡಗಳು' ಅಂತ ಏನಾದರೂ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಆಮೇಲೆ ಎರಡು ವಾರ ಒಂದು ಸಾಲೂ ಬರೆಯಲಾಗಲಿಲ್ಲ. ಮಾನದಂಡ ಅನ್ನೋ ಪದವೇ ನನಗೆ ಒಂಥರಾ ಕಸಿವಿಸಿ. ಅದರೊಳಗೊಂದು ದಂಡ ಇದೆ. ಆ ದಂಡ ಇಷ್ಟು ಕಾಲ ಯಾರ ಕೈಯಲ್ಲಿತ್ತು ಅನ್ನೋದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ವಿಷಯವಲ್ಲ. ಹಾಗಾಗಿ ದಂಡವನ್ನು ಪಕ್ಕಕ್ಕಿಟ್ಟು ಪೊರಕೆಯಿಂದ ಶುರು ಮಾಡುತ್ತೇನೆ.

ಹೋದ ತಿಂಗಳು ನಮ್ಮ ಮನೆಯ ನಡುಮನೆಯಲ್ಲಿ ಒಂದು ಓದುಕೂಟ ಸೇರುವುದಿತ್ತು. ಹತ್ತು ಹನ್ನೆರಡು ಮಂದಿ ಗೆಳೆಯರು, ಜೊತೆಗೆ ಒಬ್ಬ ಹಿರಿಯ ವಿಮರ್ಶಕರು ಬರುವವರಿದ್ದರು. ಮನೆಗೆಲಸಕ್ಕೆ ಬರುವ ಹೆಂಗಸು ಊರಿನ ಮಾರಿಹಬ್ಬಕ್ಕೆಂದು ನಾಲ್ಕು ದಿನ ರಜೆ ಹೇಳಿ ಹೋಗಿದ್ದಳು. ಆ ಶನಿವಾರ ನನ್ನ ಹೆಂಡತಿಗೆ ಡ್ಯೂಟಿ. ಉಳಿದವರು ನಾನು ಮತ್ತು ಎಪ್ಪತ್ತು ದಾಟಿದ ನಮ್ಮವ್ವ. ನಾನು ಪೊರಕೆ ಹಿಡಿದು ನೆಲ ಗುಡಿಸಲು ಶುರು ಮಾಡಿದ್ದೇ ತಡ, ಅವ್ವ ಪೊರಕೆ ಕಿತ್ತುಕೊಂಡಳು.

'ಲೋ ಮೊಗ, ಇದ್ಯಾವ ಸೀಮೆ ಗುಡ್ಸಾಟ? ಮೊದ್ಲು ಎಲ್ಲಾನೂ ಈಚೆಗ್ ಆಕು. ತುಂಬಿರೋ ಮನೇನ ಯಾರ್ ಗುಡ್ಸಾಕಾದದು?'

ಕುರ್ಚಿ, ಟೀಪಾಯಿ, ಚಾಪೆ, ಪೇಪರಿನ ರಾಶಿ, ಎಲ್ಲ ವರಾಂಡಕ್ಕೆ ಹೋದವು. ಸೋಫಾದ ದಿಂಬುಗಳು ತಾರಸಿಯ ಬಿಸಿಲಿಗೆ ಹೋದವು. ಆಮೇಲೆ ಅವ್ವ ಸೂರು ತೋರಿಸಿದಳು. ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆ ಮೂಲೆಯ ಜೇಡರ ಬಲೆ ತೆಗೆದೆ. ಫ್ಯಾನಿಗೆ ಅವಳದೊಂದು ಉಪಾಯ ಇತ್ತು. ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಎರಡೂ ಕಡೆ ಒತ್ತಿ ಈಚೆಗೆ ಎಳೆಯಬೇಕು. ಧೂಳೆಲ್ಲ ಚೀಲದೊಳಗೇ ಬೀಳುತ್ತದೆ, ತಲೆ ಮೇಲೆ ಉದುರುವುದಿಲ್ಲ. ಅದಾದ ಮೇಲೆ ಟ್ಯೂಬ್‌ಲೈಟು, ಫೋಟೊಗಳ ಮೇಲಂಚು, ಕಿಟಕಿಯ ಸೊಳ್ಳೆಪರದೆ, ಪುಸ್ತಕದ ಬೀರು, ಮೇನ್ ಆಫ್ ಮಾಡಿ ಒಣಬಟ್ಟೆಯಲ್ಲಿ ಸ್ವಿಚ್‌ಬೋರ್ಡು. ನೆಲ ಕಟ್ಟಕಡೆಗೆ. ನೆಲವನ್ನೂ ಮೊದಲು ಒಣಗಿದ್ದಂತೆಯೇ ಗುಡಿಸಿ ಎತ್ತಬೇಕು, ಆಮೇಲೆ ನೀರು. ಧೂಳಿನ ಮೇಲೆ ನೀರು ಬಿದ್ದರೆ ಕೆಸರಾಗುತ್ತದೆ, ಕೆಸರು ಮೂಲೆಗೆ ಹೋಗಿ ಕೂರುತ್ತದೆ. ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಹಿಂದಕ್ಕೆ ಹಿಂದಕ್ಕೆ ಬರುತ್ತ ಒರೆಸಬೇಕು. ನಾನು ಒಂದೇ ಬಕೆಟ್ಟಿನಲ್ಲಿ ಅರ್ಧ ಹಜಾರ ಒರೆಸಿದ್ದು ಕಂಡು ಅವ್ವ ಹೇಳಿದ ಮಾತು ಇದು: 'ನೀರ್ ಬದ್ಲಾಯಿಸ್ದೆ ಒರ್ಸುದ್ರೆ ಕೊಳೆ ಓಗಾಕಿಲ್ಲ ಕಣ್ ಮಗ, ಜಾಗ ಬದ್ಲಾಯಿಸ್ತದೆ ಅಷ್ಟೆ.'

ಸೋಫಾ ಜರುಗಿಸಿದಾಗ ಎರಡು ಪೆನ್ನು, ಒಂದು ಬಾಚಣಿಗೆ ಮತ್ತು ಯಾರೋ ಎರವಲು ಒಯ್ದು ವಾಪಸು ಕೊಡಲಿಲ್ಲ ಎಂದು ನಾನು ಎರಡು ವರ್ಷದಿಂದ ಬೈಯುತ್ತಿದ್ದ ಒಂದು ಪುಸ್ತಕ ಸಿಕ್ಕವು. ಇನ್ನೂ ಒಂದು ವಸ್ತು ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

2

ಅವ್ವನಿಗೆ ಈ ಕೆಲಸ ಇಷ್ಟು ಕ್ರಮವಾಗಿ ಹೇಗೆ ಗೊತ್ತು ಅಂತ ಯಾರಾದರೂ ಕೇಳಿದರೆ ಸುಲಭದ ಉತ್ತರ ಒಂದಿದೆ: ಇಪ್ಪತ್ತು ವರ್ಷ ಮನೆಗೆಲಸ ಮಾಡಿದವಳಲ್ಲವಾ! ನಾನೂ ಹಾಗೇ ಅಂದುಕೊಂಡಿದ್ದೆ. ಅವತ್ತು ಕೇಳಿದಾಗ ಅವ್ವ ನಕ್ಕುಬಿಟ್ಟಳು. ಮೈಸೂರಿನ ಹಳೆಯ ಬಡಾವಣೆಯೊಂದರ ನಾಲ್ಕು ಮನೆಗಳಲ್ಲಿ ಅವಳು ದುಡಿದದ್ದು ನಿಜ. ಆದರೆ ಅವಳ ಕೆಲಸ ಇದ್ದದ್ದು ಹಿತ್ತಲಲ್ಲಿ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಿಂದ ಬಂದು ಕಕ್ಕಸು ತೊಳೆದು, ಚರಂಡಿ ಬಳಿದು, ಹಿತ್ತಲು ಗುಡಿಸಿ, ಬಂದ ಗಲ್ಲಿಯಲ್ಲೇ ವಾಪಸು ಹೋಗಬೇಕು. ನಡುಮನೆ ಗುಡಿಸಲು ಬೇರೊಬ್ಬ ಹೆಂಗಸು ಬರುತ್ತಿದ್ದಳು. ಅವಳು 'ನೀರು ಮುಟ್ಟಬಹುದಾದ' ಜಾತಿಯವಳು. ಆದರೆ ಅವಳಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಡುಗೆಮನೆ ಒರೆಸುತ್ತಿದ್ದವರು ಅಡುಗೆಯವರು, ಅವರು ಮನೆಯವರ ಜಾತಿಯವರೇ. ದೇವರ ಕೋಣೆಯನ್ನು ಮನೆಯೊಡತಿಯೇ ಮಡಿಯುಟ್ಟು ಒರೆಸಬೇಕು, ಅದೂ ತಿಂಗಳಲ್ಲಿ ಮೂರು ದಿನ ಬಿಟ್ಟು.

ಈ ವಿವರ ನನಗೆ ಮುಖ್ಯ ಅನ್ನಿಸುತ್ತದೆ. ನಾವು ಭಾಷಣಗಳಲ್ಲಿ 'ಈ ದೇಶದ ಕೊಳೆಯನ್ನೆಲ್ಲ ದಲಿತರು ತೊಳೆದರು' ಅಂತ ಒಂದೇ ಏಟಿಗೆ ಹೇಳಿಬಿಡುತ್ತೇವೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗುಡಿಸುವುದೇ ಕೀಳಾದ ಕೆಲಸ ಆಗಿದ್ದರೆ ದೇವರ ಕೋಣೆ ಗುಡಿಸಲೂ ನಮ್ಮನ್ನೇ ಕರೆಯಬೇಕಿತ್ತು. ಕರೆಯಲಿಲ್ಲ. ಯಾವ ಕೋಣೆಯನ್ನು ಗುಡಿಸಲು ನಿನಗೆ ಬಿಡುತ್ತಾರೆ ಅನ್ನುವುದರ ಮೇಲೆ ನೀನು ಎಷ್ಟು ಮೇಲು, ಎಷ್ಟು ಕೀಳು ಅನ್ನುವುದು ತೀರ್ಮಾನ ಆಗುತ್ತಿತ್ತು. ಅಂದರೆ ಕಸ ಒಂದೇ ಆದರೂ ಪೊರಕೆಗಳು ನಾಲ್ಕು. ಮನೆಯೆಂಬ ಮನೆಯೇ ಒಂದು ಶ್ರೇಣೀಕರಣ. ಹೆಣ್ಣುಮಕ್ಕಳು ಎಲ್ಲ ಕೋಣೆಗಳಲ್ಲೂ ಪೊರಕೆ ಹಿಡಿದಿದ್ದಾರೆ ಅನ್ನುವುದನ್ನೂ ಇಲ್ಲೇ ಸೇರಿಸಿಕೊಳ್ಳಬೇಕು.

ಹಾಗಾದರೆ ಅವ್ವ ನಡುಮನೆ ಗುಡಿಸುವುದನ್ನು ಕಲಿತದ್ದೆಲ್ಲಿ? ಹಿತ್ತಲ ಕಡೆಯ ಕಿಟಕಿಯಿಂದ ನೋಡಿ. ಹಬ್ಬದ ಮುಂಚೆ ಆ ಮನೆಗಳಲ್ಲಿ ಹೇಗೆ ಎಲ್ಲ ಈಚೆಗೆ ಹಾಕಿ ಸೂರಿನಿಂದ ಶುರು ಮಾಡುತ್ತಿದ್ದರು ಅನ್ನುವುದನ್ನು ಅವಳು ನೋಡುತ್ತ ನಿಂತಿದ್ದಾಳೆ. ನಮ್ಮ ಕೇರಿಯ ಮನೆಯಲ್ಲಿ ಅದನ್ನು ಮಾಡಲು ನಡುಮನೆ ಅನ್ನೋದೇ ಇರಲಿಲ್ಲ. ಇದ್ದದ್ದು ಒಂದೇ ಅಂಕಣ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಹೆರಿಗೆ. ಸಗಣಿಯಲ್ಲಿ ಸಾರಿಸಿದರೆ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ನನ್ನ ಮಗಳು ಅವಳಜ್ಜಿಗೆ ಇಂಗ್ಲಿಷಿನಲ್ಲಿ ಇದಕ್ಕೆ 'ಲಿವಿಂಗ್ ರೂಮ್' ಅಂತಾರೆ, ಅಂದರೆ ಬದುಕೋ ಕೋಣೆ ಅಂತ ಹೇಳಿಕೊಟ್ಟಾಗ ಅವ್ವ ಕೇಳಿದ್ದು: 'ಅಂಗಾರೆ ಮಿಕ್ಕಿದ್ ಕ್ವಾಣೇಲಿ ಏನ್ ಸಾಯ್ತಾರಾ?'

3

ಈಗ ಸಾಹಿತ್ಯಕ್ಕೆ ಬರುತ್ತೇನೆ.

ನಮ್ಮ ನವ್ಯ ವಿಮರ್ಶೆಯ ಮೆಚ್ಚುಗೆಯ ಪದಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ: ಅಚ್ಚುಕಟ್ಟು, ಬಂಧ, ಬಿಗಿ, ಅಡಕ, ಒಪ್ಪ, ಹದ. ತೆಗಳಿಕೆಯ ಪದಗಳು: ಸಡಿಲ, ಜಾಳು, ಹಸಿ, ಕಚ್ಚಾ, ಗದ್ದಲ, ಘೋಷಣೆ. ಇವೆಲ್ಲ ಸಾಹಿತ್ಯಶಾಸ್ತ್ರದ ಪದಗಳು ಅಂತ ನಾನು ಎಂ.ಎ. ಓದುವಾಗ ನಂಬಿದ್ದೆ. ಈಗ ನೋಡಿದರೆ ಇವು ನಡುಮನೆಯ ಪದಗಳು. ಅತಿಥಿ ಬರುವ ಹೊತ್ತಿಗೆ ಎಲ್ಲ ವಸ್ತುವೂ ಅದರದರ ಜಾಗದಲ್ಲಿರಬೇಕು, ಬೇಡದ್ದು ಕಣ್ಣಿಗೆ ಬೀಳಬಾರದು ಅನ್ನುವ ಮನೆಯೊಡೆಯನ ಕಾಳಜಿ ಇವುಗಳ ಹಿಂದೆ ಇದೆ. ದಲಿತರ ಬರವಣಿಗೆ ಬಂದಾಗ ಮೊದಲು ಕೇಳಿದ ದೂರು ಏನು? ಕಾಲು ತೊಳೆಯದೆ ಒಳಗೆ ಬಂದಿದ್ದಾನೆ ಅನ್ನುವಂಥದ್ದೇ.

ಅಚ್ಚುಕಟ್ಟು ಬೇಡ ಅಂತ ನಾನು ಹೇಳುತ್ತಿಲ್ಲ. ಅವ್ವನಷ್ಟು ಅಚ್ಚುಕಟ್ಟಿನ ಮನುಷ್ಯರನ್ನು ನಾನು ಕಂಡಿಲ್ಲ. ನನ್ನ ತಕರಾರು ಇಷ್ಟೆ: ಅಚ್ಚುಕಟ್ಟು ಅನ್ನುವುದು ಯಾರೋ ಮಾಡಿದ ಕೆಲಸ. ನಮ್ಮ ವಿಮರ್ಶೆ ಅದನ್ನು ಕೃತಿಯ ಗುಣ ಅಂತ ಕಂಡಿತು, ಕೆಲಸ ಅಂತ ಕಾಣಲಿಲ್ಲ. ಹಾಗಾಗಿ ಕೃತಿಯೊಳಗೆ ಗುಡಿಸುತ್ತಿರುವವರೂ ಅದರ ಕಣ್ಣಿಗೆ ಬೀಳಲಿಲ್ಲ.

ನಾವೆಲ್ಲ ಓದಿರುವ ನಾಲ್ಕು ಕೃತಿಗಳನ್ನು ಈ ಪ್ರಶ್ನೆ ಹಿಡಿದು ನೋಡಬಹುದು. ಕಾರಂತರ 'ಚೋಮನ ದುಡಿ' (1933)ಯಲ್ಲಿ ಚೋಮ ಬೇಸಾಯದ ಆಸೆ ಹೊತ್ತು ಒಡೆಯ ಸಂಕಪ್ಪಯ್ಯನ ಮನೆಗೆ ಹೋಗುತ್ತಾನೆ. ಅವನಿಗೆ ಸಿಗುವುದು ಅಂಗಳ. ಭೂಮಿ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನ ಆಗುವುದು ಮನೆಯ ಒಳಗೆ, ಒಡೆಯನ ತಾಯಿಯ ಬಾಯಲ್ಲಿ. ಕಾದಂಬರಿಯ ಕರುಣೆ ಚೋಮನ ಜೊತೆಗೇ ಇದೆ, ಅನುಮಾನವಿಲ್ಲ. ಆದರೆ ಆ ಒಳಮನೆಗೆ ಚೋಮನ ಕಣ್ಣು ಹೋಗಲಾರದು. ಅನಂತಮೂರ್ತಿಯವರ 'ಭಾರತೀಪುರ' (1973)ದಲ್ಲಿ ಜಗನ್ನಾಥ ಸಾಲಿಗ್ರಾಮವನ್ನು ದೇವರ ಕೋಣೆಯಿಂದ ಎತ್ತಿಕೊಂಡು ಅಂಗಳಕ್ಕೆ ತರುತ್ತಾನೆ, ಹೊಲೆಯರು ಮುಟ್ಟಲಿ ಅಂತ. ಅಂದರೆ ದೇವರು ನಡುಮನೆ ದಾಟಿ ಈಚೆಗೆ ಬಂತು. ಮುಟ್ಟಿಸಿಕೊಳ್ಳಬೇಕಾದವರು ಅಂಗಳದಲ್ಲೇ ಹೆದರಿ ನಿಂತರು. ಆ ಘಟ್ಟವನ್ನು ಜಗನ್ನಾಥನ ಅಸ್ತಿತ್ವದ ಬಿಕ್ಕಟ್ಟು ಅಂತ ನಾವು ಪಾಠದಲ್ಲಿ ಓದಿದೆವು. ನಡುವೆ ಇದ್ದ ಆ ಹಜಾರ ಖಾಲಿಯೇ ಉಳಿಯಿತಲ್ಲ ಅಂತ ಯಾರೂ ಕೇಳಲಿಲ್ಲ.

'ಸಂಸ್ಕಾರ' (1965)ದ ವಿಷಯ ಇನ್ನೂ ಸೂಕ್ಷ್ಮ. ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿದೆ. ಇಲಿಗಳು ಬಿದ್ದು ಸಾಯುತ್ತಿವೆ, ಸೂರಿನ ಮೇಲೆ ಹದ್ದುಗಳು ಕೂತಿವೆ. ಶವಸಂಸ್ಕಾರ ಯಾರು ಮಾಡಬೇಕು ಅನ್ನುವ ಧರ್ಮಜಿಜ್ಞಾಸೆಯಲ್ಲಿ ಕಾದಂಬರಿಯ ಬ್ರಾಹ್ಮಣರೆಲ್ಲ ಮುಳುಗಿದ್ದಾರೆ; ನಮ್ಮ ವಿಮರ್ಶಕರೂ ದಶಕಗಳ ಕಾಲ ಅವರ ಜೊತೆಗೇ ಮುಳುಗಿದರು. ಆದರೆ ಆ ಮನೆಯನ್ನು ನಿಜಕ್ಕೂ ಚೊಕ್ಕ ಮಾಡಿದವರು ಯಾರು? ರಾತ್ರಿ ಚಂದ್ರಿ ಗಾಡಿ ಕೇಳಲು ಹೋಗುತ್ತಾಳೆ, ಒಬ್ಬ ಒಲ್ಲೆ ಅಂತಾನೆ, ಕಡೆಗೆ ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬಂದು ಹೆಣ ಸಾಗಿಸಿ ಸುಡುತ್ತಾನೆ. ಆಚಾರ್ಯರಿಗೆ ಇದು ಗೊತ್ತೇ ಇಲ್ಲ. ಹೆಣ ಇಲ್ಲದ ಮೇಲೂ ಹೆಣದ ಚರ್ಚೆ ನಡೆದೇ ಇರುತ್ತದೆ. ಕಾದಂಬರಿಕಾರರು ಬಹಳ ಜಾಣತನದಿಂದ ಇದನ್ನು ಅಲ್ಲಿ ಇಟ್ಟಿದ್ದಾರೆ. ನಮ್ಮ ವಿಮರ್ಶೆ ಪ್ರಾಣೇಶಾಚಾರ್ಯನ ಅಂತರಂಗಕ್ಕೆ ಕೊಟ್ಟ ಪುಟಗಳಲ್ಲಿ ನೂರರ ಒಂದು ಪಾಲನ್ನಾದರೂ ಆ ಗಾಡಿಗೆ ಕೊಟ್ಟಿದ್ದರೆ ಕನ್ನಡ ವಿಮರ್ಶೆಯ ಚರಿತ್ರೆ ಬೇರೆಯಾಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಒಬ್ಬ ಹೆಂಗಸು, ಒಬ್ಬ ಸಾಬರವನು, ರಾತ್ರಿ ಹೊತ್ತಿನ ಒಂದು ಕೆಲಸ. ಬೆಳಗಾಗುವ ಹೊತ್ತಿಗೆ ಗುರುತೂ ಇಲ್ಲ.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಂದರೆ ಈ ಲೆಕ್ಕವೇ ತಿರುವುಮುರುವಾಗುತ್ತದೆ. ಸಾಕವ್ವನ ಮನೆಯಲ್ಲಿ ನಡುಮನೆ ಅಂತ ಬೇರೆ ಇಲ್ಲ. ಸಾಹುಕಾರನ ಕಡಲೆಕಾಯಿ ಮೂಟೆ ಬಂದಿದೆ. ಮನೆಮಂದಿಯೆಲ್ಲ ಒಲೆ ಸುತ್ತ ಕೂತು ರಾತ್ರಿ ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಪೊಲೀಸರು ಬಂದು ಮನೆ ಜಾಲಾಡಿದರೆ ಮಾಲಿಲ್ಲ. ನನ್ನ ಪ್ರಕಾರ ಕನ್ನಡ ಕಥನದಲ್ಲಿ ಮನೆಯೊಂದನ್ನು ಇಷ್ಟು ಚೊಕ್ಕಟವಾಗಿ ಗುಡಿಸಿದ ಇನ್ನೊಂದು ದೃಶ್ಯ ಇಲ್ಲ. ಅತಿಥಿ ಮೆಚ್ಚಲಿ ಅಂತ ಅಲ್ಲಿ ಯಾರೂ ಗುಡಿಸುತ್ತಿಲ್ಲ. ಹಸಿವು ಗುಡಿಸುತ್ತಿದೆ, ಭಯ ಗುಡಿಸುತ್ತಿದೆ, ನಡುನಡುವೆ ನಗುವೂ ಇದೆ. ಅದೇ ಮನೆಯ ಗೋಡೆಯ ಮೇಲೆ ಹುಡುಗಿಯೊಬ್ಬಳು ನವಿಲು ಬರೆದಿದ್ದಾಳೆ. ಬಡವರ ಮನೆಯ ಅಂದ ಅಂದರೇನು ಅಂತ ಕೇಳುವವರು ಆ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

4

ಪೊರಕೆಗೆ ಚರಿತ್ರೆಯೂ ಇದೆ. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಅವರು ಪೇಶ್ವೆಗಳ ಪುಣೆಯ ಬಗ್ಗೆ ಬರೆದಿದ್ದಾರೆ. ಅಲ್ಲಿ ಅಸ್ಪೃಶ್ಯನಾದವನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತಾನು ತುಳಿದ ಧೂಳನ್ನು ತಾನೇ ಗುಡಿಸುತ್ತ ನಡೆಯಬೇಕಿತ್ತು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಅವರೂ ಅವರ ಜನರೂ ಕುಡಿದ ಮೇಲೆ ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಸಗಣಿ ಗಂಜಲ ಬೆರೆಸಿದ ನೀರಿನಿಂದ ಮನುಷ್ಯರ ಕೈಯನ್ನು ತೊಳೆಯುವುದು! ಇದು ಚೊಕ್ಕಟತನದ ವಿಷಯವೇ ಅಲ್ಲ. ಯಾರು ಎಲ್ಲಿರಬೇಕು ಅನ್ನುವ ಯಜಮಾನಿಕೆಯ ವಿಷಯ.

ಹನ್ನೆರಡನೇ ಶತಮಾನದ ಸತ್ಯಕ್ಕ ಶರಣರ ಮನೆಯಂಗಳ ಗುಡಿಸುವುದನ್ನು ಕಾಯಕ ಮಾಡಿಕೊಂಡವಳು. ಪೊರಕೆಗೆ ಘನತೆ ತಂದವಳು ಅಂತ ನಾವು ಅವಳನ್ನು ನೆನೆಯುತ್ತೇವೆ, ನೆನೆಯಬೇಕು. ಆದರೆ ಇಲ್ಲೊಂದು ಎಚ್ಚರ ಬೇಕು. ಅವಳು ಪೊರಕೆಯನ್ನು ಆರಿಸಿಕೊಂಡಳು. ಅವ್ವನಿಗೆ ಆರಿಸುವ ಅವಕಾಶ ಇರಲಿಲ್ಲ. ಪೊರಕೆಯನ್ನು ಪೂಜೆ ಮಾಡಿ, ಅದು ಇದ್ದ ಕೈಯಲ್ಲೇ ಬಿಟ್ಟುಬಿಡುವುದು ಈ ದೇಶಕ್ಕೆ ಬಹಳ ಚೆನ್ನಾಗಿ ಗೊತ್ತು. ಭಂಗಿಯ ಕೆಲಸವನ್ನು ಗಾಂಧೀಜಿ ಹೊಗಳಿದಾಗ ಅಂಬೇಡ್ಕರ್ ಸಿಟ್ಟಾದದ್ದು ಇದಕ್ಕೇ. 2014ರಲ್ಲಿ ಮಂತ್ರಿಗಳಿಂದ ಸಿನಿಮಾದವರ ತನಕ ಎಲ್ಲರೂ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡರು. ಫೋಟೊ ಮುಗಿದ ಮೇಲೆ ಪೊರಕೆ ಯಾರ ಕೈಗೆ ವಾಪಸು ಹೋಯಿತು? ಅದಕ್ಕೂ ನಾಲ್ಕು ವರ್ಷ ಮುಂಚೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸಹೊರಟದ್ದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಊರಿನ ಕೊಳೆಯನ್ನೆಲ್ಲ ಬಳಿದವರಿಗೆ ಗುಡಿಸಿಕೊಳ್ಳಲು ಸ್ವಂತದ್ದೊಂದು ನಡುಮನೆ ಉಳಿಯುವುದೋ ಇಲ್ಲವೋ ಅನ್ನುವುದೇ ಅಲ್ಲಿದ್ದ ಪ್ರಶ್ನೆ.

ಕನ್ನಡ ಸಾಹಿತ್ಯದ ಹಜಾರದಲ್ಲಿ ನಿಂತು 'ಇಲ್ಲಿ ಕಸ ಇದೆ' ಅಂತ ಗಟ್ಟಿಯಾಗಿ ಹೇಳಿದ ಮೊದಲ ಮಾತುಗಳಲ್ಲಿ 1973ರ ಬಿ. ಬಸವಲಿಂಗಪ್ಪನವರ ಬೂಸಾ ಮಾತೂ ಒಂದು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಹೊರಡಿಸಿದ ಮಂತ್ರಿಯೇ ಈ ಮಾತನ್ನೂ ಆಡಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಎರಡೂ ಒಂದೇ ಪೊರಕೆಯ ಕೆಲಸ. ಆ ಮಾತಿಗೆ ಸಿಕ್ಕ ಉತ್ತರ ಚರ್ಚೆಯಲ್ಲ, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರಿಗೆ ಬಿದ್ದ ಏಟು. ಕಸ ಇದೆ ಎಂದವನನ್ನೇ ಕಸ ಅಂತ ಕರೆಯುವುದು ಹಳೆಯ ಚಾಳಿ. ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕತೆ 'ಜೂಠನ್'ನಲ್ಲಿ ಶಾಲೆಗೆ ಓದಲು ಹೋದ ಹುಡುಗನ ಕೈಗೆ ಮೇಷ್ಟರು ಪೊರಕೆ ಕೊಡುತ್ತಾರೆ. ಮಗ ಅಂಗಳ ಗುಡಿಸುತ್ತಿರುವುದನ್ನು ಕಂಡ ಅಪ್ಪ ಆ ಪೊರಕೆಯನ್ನು ಕಿತ್ತು ಎಸೆಯುತ್ತಾನೆ. ದಲಿತ ವಿಮರ್ಶೆ ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ನಾನು ಆ ಅಪ್ಪನ ಕೈಯನ್ನು ತೋರಿಸುತ್ತೇನೆ.

5

ಇಷ್ಟು ಬರೆದು ನಿಲ್ಲಿಸಿದ್ದರೆ ಲೇಖನ ಸಲೀಸಾಗಿ ಮುಗಿಯುತ್ತಿತ್ತು. ಕಸವೆಲ್ಲ ಅವರ ಮನೆಯದು, ಪೊರಕೆ ಮಾತ್ರ ನಮ್ಮದು. ಆದರೆ ಸೋಫಾ ಹಿಂದೆ ಸಿಕ್ಕ ಆ ವಸ್ತುವಿನ ಮಾತು ಬಾಕಿ ಇದೆ.

ಅದಕ್ಕೆ ಮುಂಚೆ ಬೀರುವಿನ ಒಂದು ಮಾತು. ಸರ್ಕಾರ ಕನ್ನಡದಲ್ಲಿ ತಂದ ಅಂಬೇಡ್ಕರ್ ಸಂಪುಟಗಳು ನಮ್ಮ ನಡುಮನೆಯ ಬೀರುವಿನ ಮೇಲಿನ ಸಾಲಿನಲ್ಲಿವೆ. ಬೆನ್ನು ಕಾಣುವ ಹಾಗೆ, ಬಂದವರಿಗೆ ತಿಳಿಯುವ ಹಾಗೆ. ಅವ್ವ ಒಂದೊಂದೇ ಇಳಿಸಿ ಕೊಡು ಅಂದಳು. ಮೇಲಂಚಿನ ಧೂಳು ಬೆರಳಿಗೆ ಮೆತ್ತುವಷ್ಟು ದಪ್ಪ ಇತ್ತು. ಓದು ಬರದ ನಮ್ಮವ್ವ ಅಂದಳು: 'ಬಾಬಾಸಾಹೇಬರ್ನ ಇಂಗ್ ಮುಟ್ದೇ ಮಡ್ಗಿದ್ದೀರಲ್ಲೋ.' ಅವಳು ಏನನ್ನೂ ಉದ್ದೇಶಿಸಿ ಹೇಳಿದ್ದಲ್ಲ. ನನಗೆ ಮಾತ್ರ ಕೈ ಆಡಲಿಲ್ಲ.

ಸೋಫಾ ಹಿಂದೆ, ಪರದೆಯ ಮರೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಇದ್ದದ್ದು ಒಂದು ಸ್ಟೀಲ್ ಲೋಟ.

'ಇದ್ಯಾರ್ದ್ಲಾ?'

'ಕೆಲಸದವರ್ದು.'

ಅವ್ವ ಮಾತಾಡಲಿಲ್ಲ. ನನಗೆ ವಿವರಣೆ ಕೊಡುವ ಆತುರ. ಇದು ಜಾತಿಯದ್ದಲ್ಲ, ಕೋವಿಡ್ ಟೈಮಲ್ಲಿ ಎಲ್ಲರೂ ಬೇರೆ ಇಟ್ಟಿದ್ದರು, ಹಾಗೇ ಉಳಿದುಬಿಟ್ಟಿದೆ, ನೈರ್ಮಲ್ಯದ ದೃಷ್ಟಿಯಿಂದ ಮಾತ್ರ ಅಂತ ಏನೇನೋ ಹೇಳಿದೆ. ಕೋವಿಡ್ ಕಳೆದು ವರ್ಷಗಳಾದವು. ಮನೆಯವರೆಲ್ಲರ ಲೋಟಗಳೂ ಅಡುಗೆಮನೆಯ ಸ್ಟ್ಯಾಂಡಿಗೆ ವಾಪಸು ಬಂದಿದ್ದವು, ಅದೊಂದು ಬಿಟ್ಟು. ಆಕೆಯ ಜಾತಿ ಯಾವುದು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳದಿರುವುದೇ ಪ್ರಗತಿಪರತೆ ಅಂದುಕೊಂಡಿದ್ದೆ. ಜಾತಿಯ ಹೆಸರೆತ್ತದೆಯೇ ಲೋಟ ಬೇರೆ ಇಡುವುದು ಸಾಧ್ಯ ಅನ್ನೋದು ನನ್ನದೇ ಮನೆಯಲ್ಲಿ, ಅಂಬೇಡ್ಕರ್ ಫೋಟೊದ ಎದುರಿಗೇ ರುಜುವಾತಾಗಿತ್ತು. ಮಡಿ ಅನ್ನುವ ಪದ ನಾವು ಬಿಟ್ಟೆವು. ಹೈಜೀನ್ ಅನ್ನುವ ಪದ ಬಂತು. ಅವ್ವ ಹೇಳಿದಂತೆ ಕೊಳೆ ಜಾಗ ಬದಲಾಯಿಸಿತ್ತು ಅಷ್ಟೆ.

ಅವ್ವ ಲೋಟ ತೊಳೆದಳು. ಕಾಫಿ ಕಾಯಿಸಿ ಅದೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಆಮೇಲೆ ಅದನ್ನು ಉಳಿದ ಲೋಟಗಳ ಜೊತೆ ಬೋರಲು ಹಾಕಿದಳು.

ದಲಿತ ವಿಮರ್ಶೆಗೆ ಇದರಿಂದ ಏನು ಅಂತ ನೀವು ಕೇಳಬಹುದು. ನಾವು ಅಂಗಳದಿಂದ ನಡುಮನೆಗೆ ಬಂದಿದ್ದೇವೆ. ಬಂದದ್ದು ಹೋರಾಟದಿಂದ, ಓದಿನಿಂದ, ಮೀಸಲಾತಿಯಿಂದ. ಅದಕ್ಕೆ ಯಾರೂ ನಾಚಿಕೆ ಪಡಬೇಕಾಗಿಲ್ಲ. ಆದರೆ ನಡುಮನೆಗೆ ಬಂದವರು ನಡುಮನೆಯ ಕಣ್ಣನ್ನೂ ಪಡೆದುಕೊಂಡುಬಿಡುತ್ತಾರೆ. ನಮ್ಮ ಸಂಕಲನಗಳಲ್ಲಿ, ವಿಶೇಷಾಂಕಗಳಲ್ಲಿ, ವೇದಿಕೆಗಳಲ್ಲಿ ಪೌರಕಾರ್ಮಿಕರ ಮನೆಯಿಂದ ಬಂದವರು ಎಷ್ಟು ಮಂದಿ? ಅಲೆಮಾರಿಗಳು? ಹೆಣ್ಣುಮಕ್ಕಳು? ಹೊಲೆಯ ಮಾದಿಗರ ನಡುವಿನ ಒಳಮೀಸಲಾತಿಯ ಮಾತು ದಶಕಗಳ ಕಾಲ ಬೀದಿಯಲ್ಲಿ ಕೂಗಿ, ಆಯೋಗಗಳನ್ನು ಹಾದು, 2024ರಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಡುವ ತನಕ ಬಂತು. ಅದೇ ಪ್ರಶ್ನೆ ನಮ್ಮ ವಿಮರ್ಶೆಯ ಪುಟಗಳಲ್ಲಿ ಎಷ್ಟು ಸಲ ಬಂದಿದೆ? ಇದನ್ನು ಕೇಳಿದರೆ ಐಕ್ಯತೆ ಒಡೆಯುತ್ತದೆ ಅನ್ನುವವರಿದ್ದಾರೆ. ಸೋಫಾ ಜರುಗಿಸಿದರೆ ಮನೆ ಒಡೆಯುವುದಿಲ್ಲ.

ಇನ್ನೊಂದು ಮಾತು. ಹಬ್ಬಕ್ಕೆ ಮುಂಚೆ ಸೂರಿನಿಂದ ನೆಲದ ತನಕ ತೊಳೆಯುವುದು ದೊಡ್ಡ ವಿಷಯವೇನಲ್ಲ ಅಂತಾಳೆ ಅವ್ವ. ಒಂದು ದಿನ ಸೊಂಟ ಮುರಿದರೆ ಆಯಿತು. ಕಷ್ಟ ಇರೋದು ಅದನ್ನು ಹಾಗೇ ಉಳಿಸಿಕೊಳ್ಳುವುದರಲ್ಲಿ. ಅದಕ್ಕೆ ಅವಳ ಕಟ್ಟಳೆ ಮೂರು: ಎತ್ತಿದ್ದನ್ನು ಎತ್ತಿದ ಜಾಗಕ್ಕೇ ಇಡು, ರಾತ್ರಿ ಮಲಗುವ ಮುಂಚೆ ಒಂದು ಸುತ್ತು ಕಣ್ಣಾಡಿಸು, ಹೊಸದೊಂದು ತಂದರೆ ಹಳೆಯದೊಂದನ್ನು ಕಳಿಸು. ವಿಶೇಷಾಂಕ ಅನ್ನುವುದು ಹಬ್ಬದ ತೊಳೆಯಾಟ. ಒಂದು ಸಂಚಿಕೆಯಲ್ಲಿ ನಮ್ಮನ್ನು ಕರೆದು, ಮಾನದಂಡ ಬರೆಸಿಕೊಂಡು, ಮುಂದಿನ ಹನ್ನೊಂದು ತಿಂಗಳು ಹಳೆಯ ಪದಗಳಲ್ಲೇ ಪುಸ್ತಕಗಳನ್ನು ಅಳೆಯುವುದಾದರೆ ಧೂಳು ಮತ್ತೆ ಕೂರುತ್ತದೆ. ದಿನದಿನದ ಕೆಲಸ ಬೇರೆ. ಪ್ರತಿ ಪುಸ್ತಕವನ್ನೂ ಓದುವಾಗ ಇಲ್ಲಿ ಯಾರು ಯಾವ ಕೋಣೆಯ ತನಕ ಬಂದರು, ಯಾರು ಹೇಳದೆ ಕೆಲಸ ಮಾಡಿ ಹೋದರು, ಯಾರ ಲೋಟ ಪರದೆ ಹಿಂದಿದೆ ಅಂತ ಕೇಳುವುದು. ದಲಿತರ ಪುಸ್ತಕಕ್ಕೂ ಇದೇ ಪ್ರಶ್ನೆ, ಅವರ ಪುಸ್ತಕಕ್ಕೂ ಇದೇ ಪ್ರಶ್ನೆ. ಇದನ್ನು ಮಾನದಂಡ ಅಂತ ಕರೆಯುವುದಾದರೆ ಕರೆಯಿರಿ.

ಓದುಕೂಟ ಚೆನ್ನಾಗಿ ನಡೆಯಿತು. ಹಿರಿಯ ವಿಮರ್ಶಕರು ಒಳಗೆ ಬಂದವರೇ ಸುತ್ತ ನೋಡಿ 'ಮನೇನ ಬಹಳ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೀರಿ' ಅಂತ ನನ್ನನ್ನು ಮೆಚ್ಚಿಕೊಂಡರು. ಅವ್ವ ಅಡುಗೆಮನೆಯಲ್ಲಿದ್ದಳು. ನಾನು ಎದ್ದು ಹೋಗಿ ಕರೆದೆ. ಬಂದು, ಕೂತಿದ್ದವರನ್ನೆಲ್ಲ ಒಮ್ಮೆ ನೋಡಿ, 'ಸೊಂಟ ನೋಯ್ತದೆ, ನೆಲದ್ ಮೇಲ್ ಕೂರಾಕಾಗಲ್ಲ, ಒಂದ್ ಕುರ್ಚಿ ಕೊಡು' ಅಂದಳು. ಗೆಳೆಯರೊಬ್ಬರು ಎದ್ದು ಜಾಗ ಬಿಟ್ಟರು.

ಸೋಮವಾರ ಕೆಲಸದಾಕೆ ಊರಿಂದ ಬಂದಳು. ಕೆಲಸ ಮುಗಿಸಿ ಎಂದಿನಂತೆ ಪರದೆ ಸರಿಸಿ ಕಿಟಕಿಯ ಕಡೆ ಕೈ ಹಾಕಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಯನ್ನು ಕೇಳಿದಳು: 'ನನ್ ಲೋಟ ಎಲ್ಲಕ್ಕಾ?'

ನನ್ನ ಹೆಂಡತಿ ನನ್ನ ಮುಖ ನೋಡಿದಳು.